ಗುಂಬಳವೋ, ಗೆಣಸೋ, ಸುವರ್ಣಗಡ್ಡೆಯೋ: ನವರಾತ್ರಿಯಿಂದ ಕಾರ್ತಿಕದವರೆಗೆ ಮನೆಗೆ ಯಾವುದನ್ನು ತರುವುದು?

ಪಿತೃಪಕ್ಷ ಮುಗಿಯುವ ಹೊತ್ತಿಗೆ ನಮ್ಮ ಬೀದಿಯ ತರಕಾರಿ ಅಂಗಡಿಯ ಮುಂಭಾಗವೇ ಬದಲಾಗುತ್ತದೆ. ಬಿಳಿ ಬೂದಿ ಮೆತ್ತಿಕೊಂಡ ಬೂದುಗುಂಬಳಗಳು ಗೋಡೆಗೆ ಒರಗಿ ಕೂರುತ್ತವೆ. ಪಕ್ಕದಲ್ಲಿ ಸೀಳಿಟ್ಟ ಸಿಹಿಗುಂಬಳ, ಗೋಣಿಯ ಮೇಲೆ ಮಣ್ಣು ಆರದ ಗೆಣಸು, ಮೂಲೆಯಲ್ಲಿ ಒರಟು ಮೈಯ ಸುವರ್ಣಗಡ್ಡೆ. ಆಶ್ವಯುಜ ಮತ್ತು ಕಾರ್ತಿಕ, ಈ ಎರಡು ತಿಂಗಳ ಶರದೃತುವಿನಲ್ಲಿ ಅಂಗಡಿಯ ಮುಂದೆ ನಿಂತವರಿಗೆ ಗೊಂದಲವಾಗುವುದು ಸಹಜ. ನಾಲ್ಕೂ ಭಾರ, ನಾಲ್ಕೂ ದೊಡ್ಡವು, ನಾಲ್ಕನ್ನೂ ಒಟ್ಟಿಗೆ ಕೊಂಡರೆ ಚಿಕ್ಕ ಸಂಸಾರ ತಿಂದು ಮುಗಿಸಲಾರದು.

ಕಳೆದ ವರ್ಷ ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಊರಿನಿಂದ ಎಂಟು ಕಿಲೋದ ಸಿಹಿಗುಂಬಳ ಬಂದಿದೆ. ನಾವಿಬ್ಬರೇ ಇರುವುದು. ಏನು ಮಾಡಲಿ?" ಅದೇ ವಾರ ಪಕ್ಕದ ಮನೆಯವರು, ಸುವರ್ಣಗಡ್ಡೆ ತರಲು ಆಸೆ, ತುರಿಕೆಯ ಭಯ ಎಂದರು. ಮತ್ತೊಬ್ಬ ಗೆಳತಿಗೆ ಸಕ್ಕರೆ ಕಾಯಿಲೆಯ ತಾಯಿಗೆ ಗೆಣಸು ಕೊಡಬಹುದೇ ಎಂಬ ಪ್ರಶ್ನೆ. ಮೂವರಿಗೂ ಬಾಯಿಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಅವರೆಕಾಯಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದರ ಸೊಗಡು ಏರಲು ಮಾರ್ಗಶಿರದ ಇಬ್ಬನಿ ಬೀಳಬೇಕು. ಕಾರ್ತಿಕದ ನೆಲ್ಲಿಕಾಯಿ ಉಪ್ಪಿನಕಾಯಿಯ ಲೆಕ್ಕಕ್ಕೆ ಸೇರುವುದರಿಂದ ಅದೂ ಇಲ್ಲಿಲ್ಲ.

ಮೊದಲು ಯಾವ ಅಳತೆಗೋಲು

ರುಚಿಯಿಂದ ಶುರು ಮಾಡಬೇಡಿ ಎನ್ನುವುದೇ ನನ್ನ ಮೊದಲ ಮಾತು. ಸರಿಯಾಗಿ ಬೇಯಿಸಿದರೆ ನಾಲ್ಕೂ ರುಚಿಯೇ. ತರಕಾರಿ ಹಾಳಾಗುವುದು, ದುಡ್ಡು ಕಸದ ಬುಟ್ಟಿ ಸೇರುವುದು ಬೇರೆ ಕಾರಣಕ್ಕೆ. ಇಡಿಯಾಗಿದ್ದಾಗ ಅದು ಎಷ್ಟು ದಿನ ತಡೆಯುತ್ತದೆ, ಕೊಯ್ದ ಮೇಲೆ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಇವೆರಡೂ ಬೇರೆ ಬೇರೆ ಲೆಕ್ಕ, ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚಾಗಿ ಸೋಲುತ್ತಾರೆ. ಎರಡನೆಯದು ಹೆಚ್ಚುವ ಶ್ರಮ: ಸಿಪ್ಪೆ ಎಷ್ಟು ಗಟ್ಟಿ, ಬೆಳಿಗ್ಗೆ ಕಚೇರಿಗೆ ಹೊರಡುವವರಿಗೆ ಅಷ್ಟು ಸಮಯ ಇದೆಯೇ. ಮೂರನೆಯದು, ಕೊಟ್ಟ ದುಡ್ಡಿಗೆ ಬೆಂದ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು. ಕಿಲೋದ ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಅಡುಗೆ ಅಗ್ಗವಾಗುವುದಿಲ್ಲ. ಕೊನೆಗೆ ಮನೆಯವರ ಆರೋಗ್ಯ ಮತ್ತು ವ್ರತ.

ವ್ರತದ ಮಾತನ್ನು ಈಗಲೇ ಮುಗಿಸುತ್ತೇನೆ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ವಿಜಯದಶಮಿ ಕಳೆದ ಮೇಲಿನ ಒಂದು ತಿಂಗಳು ದ್ವಿದಳ ವ್ರತದ್ದು. ಬೇಳೆಕಾಳು ಇಲ್ಲ, ಬಹುಬೀಜದ ಕಾಯಿಗಳೂ ಇಲ್ಲ. ಅಂದರೆ ಎರಡೂ ಗುಂಬಳಗಳು ಹೊರಗೆ ಉಳಿಯುತ್ತವೆ, ನೋಡಬೇಕಾದ್ದು ಗಡ್ಡೆಗಳ ಕಡೆ. ಗಡ್ಡೆಗಳಲ್ಲಿ ಯಾವುದು ನಡೆಯುತ್ತದೆ ಎಂಬ ಪದ್ಧತಿ ಮನೆಯಿಂದ ಮನೆಗೆ ಬದಲಾಗುತ್ತದೆ, ಕೊಳ್ಳುವ ಮೊದಲು ಹಿರಿಯರನ್ನು ಕೇಳಿ.

ಸಿಹಿಗುಂಬಳ: ಹೆಚ್ಚು ಬಾಯಿಗಳಿರುವ ಮನೆಗೆ

ಮಲೆನಾಡಿನಲ್ಲಿ ನಾವು ಚೀನೀಕಾಯಿ ಎನ್ನುತ್ತೇವೆ. ನಾಲ್ಕರಲ್ಲಿ ಇದರಷ್ಟು ಬಗೆಯ ಅಡುಗೆಗೆ ಒಗ್ಗುವುದು ಇನ್ನೊಂದಿಲ್ಲ. ಹುಳಿ, ಪಲ್ಯ, ಗೊಜ್ಜು, ಸಾಸಿವೆ ಅರೆದು ಮೊಸರು ಬೆರೆಸುವ ‘ಸಾಸಿವೆ’, ದೋಸೆ, ಕಡುಬು, ಉತ್ತರ ಕರ್ನಾಟಕದ ಗಾರಿಗೆ. ಬೇಯುವುದೂ ಬೇಗ, ಹತ್ತು ಹನ್ನೆರಡು ನಿಮಿಷ ಸಾಕು. ಕಿಲೋ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಬಿಸಾಡುವುದು ಬಲು ಕಡಿಮೆ. ಬೀಜವನ್ನು ತೊಳೆದು ಒಣಗಿಸಿ ಹುರಿದರೆ ಮಕ್ಕಳು ತಿನ್ನುತ್ತಾರೆ. ಸಿಪ್ಪೆ ಎಳೆಯದಾಗಿದ್ದರೆ ಉದ್ದಿನಬೇಳೆ, ಒಣಮೆಣಸು ಸೇರಿಸಿ ಹುರಿದು ಚಟ್ನಿ ಅರೆಯಬಹುದು.

ಇದರ ದೌರ್ಬಲ್ಯ ಒಂದೇ, ಕೊಯ್ದ ಮೇಲಿನ ಆಯುಷ್ಯ. ಚೆನ್ನಾಗಿ ಬಲಿತ ಇಡೀ ಕಾಯಿ ಗಾಳಿಯಾಡುವ ಜಾಗದಲ್ಲಿ ಎರಡು ಮೂರು ತಿಂಗಳು ತಡೆಯುತ್ತದೆ. ಕೊಯ್ದ ಕೂಡಲೇ ಲೆಕ್ಕ ತಿಂಗಳಿಂದ ದಿನಕ್ಕೆ ಇಳಿಯುತ್ತದೆ. ಕೊಳೆಯುವಿಕೆ ಶುರುವಾಗುವುದು ನಡುವಿನ ನಾರು ತಿರುಳಿನಲ್ಲಿ, ಬೀಜದ ಸುತ್ತ. ಹೋಳು ಮನೆಗೆ ಬಂದ ತಕ್ಷಣ ಚಮಚದಲ್ಲಿ ಆ ತಿರುಳನ್ನು ಪೂರ್ತಿ ಕೆರೆದು ತೆಗೆದು, ಒಣಬಟ್ಟೆಯಲ್ಲಿ ಒರಸಿ, ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ. ಬೀಜದ ಸಮೇತ ಹಾಗೆಯೇ ಇಟ್ಟರೆ ಎರಡನೆಯ ದಿನವೇ ಲೋಳೆಯಾಗುತ್ತದೆ.

ಅಣ್ಣನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಎಂಟು ಕಿಲೋ ಕಾಯಿಯನ್ನು ಕೊಯ್ಯುವ ದಿನವನ್ನು ಮೊದಲೇ ಗೊತ್ತುಮಾಡಿಕೋ. ಅದೇ ದಿನ ನಾಲ್ಕು ಮನೆಗೆ ಹಂಚಿ ಬಿಡು. ನಿನಗೆಂದು ಒಂದೂವರೆ ಕಿಲೋ ಇಟ್ಟುಕೊಂಡು ಒಂದು ಹೊತ್ತಿಗೆ ಹುಳಿ, ಇನ್ನೊಂದು ಹೊತ್ತಿಗೆ ಸಾಸಿವೆ, ಉಳಿದದ್ದನ್ನು ತುರಿದು ಗಾರಿಗೆ ಮಾಡು. ಗಾರಿಗೆಗೆ ತುರಿಯನ್ನು ಬೆಲ್ಲದೊಂದಿಗೆ ನೀರು ಹಾಕದೆ ಬೇಯಿಸಿ, ಬಿಸಿಯಿರುವಾಗಲೇ ಹಿಡಿಯುವಷ್ಟು ಗೋಧಿಹಿಟ್ಟು, ಸ್ವಲ್ಪ ಚಿರೋಟಿ ರವೆ, ಏಲಕ್ಕಿ ಸೇರಿಸಿ ಗಟ್ಟಿಯಾಗಿ ಕಲಸಿ, ತಟ್ಟಿ ಕರಿಯಬೇಕು. ಮೂರು ದಿನ ಕೆಡುವುದಿಲ್ಲ, ಕಾಯಿಯ ಆಯುಷ್ಯಕ್ಕೆ ಮೂರು ದಿನ ಸೇರಿಸಿದಂತಾಯಿತು.

ಇಡೀ ಕಾಯಿಯೇ ಬೇಕು, ಆದರೆ ಮನೆ ಚಿಕ್ಕದು ಎನ್ನುವವರಿಗೆ ತಳಿಯ ಆಯ್ಕೆ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿದ ಅರ್ಕ ಸೂರ್ಯಮುಖಿಯ ಕಾಯಿ ಸುಮಾರು ಒಂದು ಕಿಲೋ ತೂಗುತ್ತದೆ, ಕಿತ್ತಳೆ ಸಿಪ್ಪೆಯ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಅದೇ ಸಂಸ್ಥೆಯ ಅರ್ಕ ಚಂದನ್ ಎರಡು ಮೂರು ಕಿಲೋದ್ದು. ಮನೆಯ ಹಿತ್ತಿಲಲ್ಲಿ ಬಳ್ಳಿ ಹಬ್ಬಿಸುವವರು ಬೀಜ ಕೊಳ್ಳುವಾಗ ಇದನ್ನು ನೆನಪಿಟ್ಟುಕೊಂಡರೆ ಊರವರಿಗೆಲ್ಲ ಹಂಚುವ ತಾಪತ್ರಯ ತಪ್ಪುತ್ತದೆ. ಕೊಳ್ಳುವಾಗ ತೊಟ್ಟು ಒಣಗಿ ಗಟ್ಟಿಯಾಗಿರಬೇಕು, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು.

ಬೂದುಗುಂಬಳ: ಕಾಯಬಲ್ಲವರಿಗೆ

ಸಾಗರದ ಹತ್ತಿರದ ನನ್ನ ತವರುಮನೆಯ ಅಟ್ಟದಲ್ಲಿ ಹುಲ್ಲಿನ ಮೇಲೆ ಬೂದುಗುಂಬಳಗಳು ಸಾಲಾಗಿ ಕೂತಿರುತ್ತಿದ್ದವು. ಅಮ್ಮ ಒಂದನ್ನು ಇಳಿಸಿಕೊಂಡು ಬಂದರೆ ಸೀರೆಯ ಭುಜದ ಮೇಲೆ ಬಿಳಿ ಪುಡಿ ಮೆತ್ತಿರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ಅರ್ಥವಾದದ್ದು ಆ ಸೀರೆಯನ್ನು ನೋಡಿ. ಆ ಪುಡಿ ಮೇಣದ ಪದರ. ಕಾಯಿಯೊಳಗಿನ ನೀರು ಆರದಂತೆ, ಹೊರಗಿನ ತೇವ ಒಳಗೆ ಇಳಿಯದಂತೆ ಕಾಯುವುದು ಅದೇ. ಆದ್ದರಿಂದ ತಂದ ಕೂಡಲೇ ತೊಳೆದು ಒರಸಿ ಇಡುವ ಅಭ್ಯಾಸ ಇದಕ್ಕೆ ಬೇಡ. ಬೂದಿ ಅಳಿಯದ, ತೊಟ್ಟು ಮುರಿಯದ ಕಾಯಿ ಒಂದರ ಮೇಲೊಂದು ಹೇರದೆ ಇಟ್ಟರೆ ಮೂರು ನಾಲ್ಕು ತಿಂಗಳು ಧಾರಾಳವಾಗಿ ಬರುತ್ತದೆ. ಕಾಯುವ ವಿಷಯದಲ್ಲಿ ಮಿಕ್ಕ ಮೂರನ್ನೂ ಇದು ಹಿಂದೆ ಹಾಕುತ್ತದೆ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ಇದರ ತಿರುಳಿನಲ್ಲಿ ನೂರಕ್ಕೆ ಸುಮಾರು 96 ಪಾಲು ನೀರು. ಒಂದು ಕಿಲೋ ತುರಿದು ಹಿಂಡಿ ಕಾಶಿ ಹಲ್ವಾ ಮಾಡಿದರೆ ಕೊನೆಗೆ ಕೈಗೆ ಬರುವುದು ಒಂದು ಚಿಕ್ಕ ಬಟ್ಟಲು, ಅದರಲ್ಲೂ ತೂಕವೆಲ್ಲ ಸಕ್ಕರೆ ತುಪ್ಪದ್ದು. ಹಿಂಡಿದ ತುರಿ ಎರಡು ಲೋಟಕ್ಕೆ ಒಂದು ಲೋಟ ಸಕ್ಕರೆ ನನ್ನ ಅಳತೆ. ತುರಿಯನ್ನು ಹಿಂಡಿ ಬಂದ ನೀರಿನಲ್ಲೇ ಬೇಯಿಸಿ, ಸಕ್ಕರೆಯನ್ನು ತುರಿ ಮೆತ್ತಗಾದ ಮೇಲೆ ಹಾಕಬೇಕು. ಮೊದಲೇ ಹಾಕಿದರೆ ತುರಿ ಬಿರುಸಾಗಿ ನಿಂತುಬಿಡುತ್ತದೆ. ಹಬ್ಬದ ದಿನ ಇದು ಸೊಗಸು, ಆದರೆ ಹೊಟ್ಟೆ ತುಂಬಿಸುವ ತರಕಾರಿಯೆಂದು ಇದನ್ನು ಕೊಳ್ಳಬಾರದು.

ಇದರ ನಿಜವಾದ ಜಾಗ ಮಜ್ಜಿಗೆ ಹುಳಿ. ಸ್ವಂತ ರುಚಿ ಹೆಚ್ಚಿಲ್ಲದ ಕಾಯಿ ಕೊಬ್ಬರಿ, ಹಸಿಮೆಣಸು, ಜೀರಿಗೆ, ನೆನೆಸಿದ ಕಡಲೆಬೇಳೆಯ ಅರಪ್ಪನ್ನು ಹೀರಿಕೊಳ್ಳುವ ರೀತಿಯೇ ಬೇರೆ. ಹೋಳು ಕನ್ನಡಿಯಂತೆ ಪಾರದರ್ಶಕವಾದಾಗ ಉಪ್ಪು, ಅರಪ್ಪು ಹಾಕಿ ಕುದಿಸಿ, ಉರಿ ತಗ್ಗಿಸಿ ಹುಳಿಮಜ್ಜಿಗೆ ಸೇರಿಸಿ, ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಇಳಿಸಬೇಕು. ಉಕ್ಕಲು ಬಿಟ್ಟರೆ ಒಡೆಯುತ್ತದೆ. ಶರತ್ಕಾಲದ ಬಿಸಿಲಿಗೆ ಮಧ್ಯಾಹ್ನದ ಊಟಕ್ಕೆ ಇದಕ್ಕಿಂತ ತಂಪಾದ ಮೇಲೋಗರ ನನಗೆ ಗೊತ್ತಿಲ್ಲ. ನೀರು ಹೆಚ್ಚು, ಸಿಹಿ ಕಡಿಮೆ, ಆದ್ದರಿಂದ ತೂಕ ಮತ್ತು ಸಕ್ಕರೆಯ ಚಿಂತೆ ಇರುವವರಿಗೂ ಹಲ್ವಾ ಬಿಟ್ಟು ಹುಳಿ ಸರಿಹೋಗುತ್ತದೆ.

ಕೊಳ್ಳುವ ದಿನವನ್ನು ನೋಡಿ ಆರಿಸಿ. ಆಯುಧಪೂಜೆಯ ಹಿಂದಿನ ದಿನ ವಾಹನಗಳಿಗೆ, ಅಂಗಡಿಗಳಿಗೆ ಒಡೆಯುವವರ ಬೇಡಿಕೆಯಿಂದ ಬೆಲೆ ಏರಿರುತ್ತದೆ. ವಿಜಯದಶಮಿ ಕಳೆದು ಎರಡು ದಿನಕ್ಕೆ ಉಳಿದ ಕಾಯಿಗಳು ಇಳಿದ ಬೆಲೆಗೆ ಸಿಗುತ್ತವೆ. ಎಷ್ಟೋ ಮನೆಗಳಲ್ಲಿ ಇಡೀ ಬೂದುಗುಂಬಳಕ್ಕೆ ಹೆಂಗಸರು ಮೊದಲ ಪೆಟ್ಟು ಹಾಕಬಾರದು ಎಂಬ ಪದ್ಧತಿಯಿದೆ. ಅಪ್ಪ ತೋಟದಿಂದ ಬರುವವರೆಗೆ ಅಮ್ಮ ಕಾಯುತ್ತಿದ್ದಳು. ನಾನು ಕಾಯುವುದಿಲ್ಲ, ಒಬ್ಬಳೇ ಇರುವ ಮನೆಯಲ್ಲಿ ಹುಳಿ ಬೇಕೆಂದರೆ ನಾನೇ ಕೊಯ್ಯಬೇಕು. ಪದ್ಧತಿ ಪಾಲಿಸುವವರು ಅಂಗಡಿಯಲ್ಲೇ ಹೋಳು ಮಾಡಿಸಿಕೊಳ್ಳಬಹುದು. ಹಾಗೆ ತಂದ ಹೋಳಿಗೂ ಸಿಹಿಗುಂಬಳದ್ದೇ ನಿಯಮ: ತಿರುಳು ತೆಗೆಯಿರಿ, ನಾಲ್ಕು ದಿನದಲ್ಲಿ ಮುಗಿಸಿ.

ಗೆಣಸು: ಸಮಯವಿಲ್ಲದವರ ಗಡ್ಡೆ

ಹೆಚ್ಚುವ ಕೆಲಸವೇ ಇಲ್ಲ. ತೊಳೆದು, ಇಡ್ಲಿ ಪಾತ್ರೆಯಲ್ಲಿಟ್ಟು, ಬೆಂದ ಮೇಲೆ ಸಿಪ್ಪೆ ಸುಲಿದರೆ ಬೆಳಗಿನ ತಿಂಡಿ ಮುಗಿಯಿತು. ಬೇಕಾದಷ್ಟನ್ನೇ ಕೊಳ್ಳಬಹುದು, ಒಬ್ಬರಿಗೆ ಎರಡು ಗೆಣಸು ಸಾಕು. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಈ ನಾಲ್ಕರಲ್ಲಿ ನಾನು ಹೇಳುವುದು ಇದೊಂದನ್ನೇ. ಕಿಲೋ ಬೆಲೆ ಗುಂಬಳಕ್ಕಿಂತ ಹೆಚ್ಚಿದ್ದರೂ ಹೊಟ್ಟೆ ತುಂಬುವ ಲೆಕ್ಕದಲ್ಲಿ ಇದೇ ಅಗ್ಗ. ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಇದು ದೊಡ್ಡ ಬೆಳೆ, ಅಲ್ಲಿನ ಗೆಣಸು ಮಹಾರಾಷ್ಟ್ರ ದಾಟಿ ದಿಲ್ಲಿಯವರೆಗೆ ಹೋಗುತ್ತದೆ.

ಎರಡು ತಪ್ಪುಗಳು ಎಲ್ಲ ಮನೆಗಳಲ್ಲೂ ಆಗುತ್ತವೆ. ಹಸಿ ಗೆಣಸನ್ನು ಫ್ರಿಜ್‌ಗೆ ಹಾಕುವುದು ಮೊದಲನೆಯದು. ಹೆಚ್ಚು ತಂಪು ತಾಗಿದ ಗೆಣಸಿನ ನಡುಭಾಗ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಸೀಟಿ ಕೂಗಿಸಿದರೂ ಬೇಯುವುದಿಲ್ಲ. ಬುಟ್ಟಿಯಲ್ಲಿ, ಕತ್ತಲೆಯಲ್ಲಿ, ಗಾಳಿಯಾಡುವಂತೆ ಇಟ್ಟರೆ ಎರಡು ವಾರ ಚೆನ್ನಾಗಿರುತ್ತದೆ. ಹೊಲದಿಂದ ಅಂದೇ ಕಿತ್ತು ತಂದದ್ದಕ್ಕಿಂತ ನಾಲ್ಕು ದಿನ ಇಟ್ಟದ್ದು ಹೆಚ್ಚು ಸಿಹಿ. ಎರಡನೆಯ ತಪ್ಪು ಆತುರದ ಬೇಯಿಸುವಿಕೆ. ಗೆಣಸಿನೊಳಗಿನ ಪಿಷ್ಟ ಸಿಹಿಯಾಗಿ ಬದಲಾಗುವುದು ಅದು ನಿಧಾನವಾಗಿ ಬಿಸಿಯೇರುವಾಗ. ಕೆಂಡದ ಬೂದಿಯಲ್ಲಿ ಹೂತು ಸುಟ್ಟ ಗೆಣಸು ಜೇನಿನಂತಿರುವುದು, ಕುಕ್ಕರಿನದ್ದು ಸಪ್ಪೆಯೆನಿಸುವುದು ಇದೇ ಕಾರಣಕ್ಕೆ.

ಇದೇ ಸಂಗತಿ ಗೆಳತಿಯ ಪ್ರಶ್ನೆಗೂ ಉತ್ತರ. ಸಕ್ಕರೆ ಕಾಯಿಲೆಯವರಿಗೆ ಸುಟ್ಟದ್ದಕ್ಕಿಂತ ನೀರಿನಲ್ಲಿ ಬೇಯಿಸಿದ್ದು ಮೇಲು, ರಕ್ತದ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಹಾಗೆಂದು ಊಟದ ಜೊತೆಗೆ ಸೇರಿಸುವಂತಿಲ್ಲ. ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಒಂದು ಚಿಕ್ಕ ಗೆಣಸು. ತಾಯಿಯ ವೈದ್ಯರನ್ನು ಒಮ್ಮೆ ಕೇಳು ಎಂದೂ ಹೇಳಿದೆ.

ಆರಿಸುವಾಗ ಮೈಮೇಲೆ ಸೂಜಿ ಚುಚ್ಚಿದಂತಹ ಕಪ್ಪು ತೂತುಗಳಿವೆಯೇ ನೋಡಿ. ಇದ್ದರೆ ಅದು ಮೂತಿಹುಳುವಿನ ಕೆಲಸ. ಹುಳು ಹೊಕ್ಕ ಗೆಣಸು ಕಹಿ, ಆ ಭಾಗ ಕೊಯ್ದು ತೆಗೆದರೂ ಕಹಿ ಬಿಡುವುದಿಲ್ಲ. ಬಗೆಬಗೆಯ ಅಡುಗೆಗೆ ಮಾತ್ರ ಗೆಣಸು ಅಷ್ಟಾಗಿ ಬಾಗುವುದಿಲ್ಲ. ಹೋಳಿಗೆ, ಪಾಯಸ, ಬಜ್ಜಿ, ಬೇಯಿಸಿದ್ದು. ದಿನವೂ ಅನ್ನದ ಜೊತೆ ಕಲಸಲು ಏನಾದರೂ ಬೇಕು ಎನ್ನುವ ಮನೆಗೆ ಇದೊಂದೇ ಸಾಲದು.

ಸುವರ್ಣಗಡ್ಡೆ: ಇಬ್ಬರೇ ಇರುವ ಮನೆಗೆ ನನ್ನ ಆಯ್ಕೆ

ನವರಾತ್ರಿಯ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಂಡು ಕಾರ್ತಿಕದ ಹೊತ್ತಿಗೆ ಇದು ಹೇರಳವಾಗುತ್ತದೆ. ನಾಲ್ಕರಲ್ಲಿ ದುಬಾರಿ, ಸಿಪ್ಪೆಯೂ ದಪ್ಪ. ಹಾಗಿದ್ದೂ ಚಿಕ್ಕ ಸಂಸಾರಕ್ಕೆ ಇದನ್ನೇ ಏಕೆ ಹೇಳುತ್ತೇನೆಂದರೆ, ಕೊಯ್ದ ಮೇಲೂ ಸೈರಣೆಯಿಂದ ಕಾಯುವುದು ಇದೊಂದೇ. ಅರ್ಧ ಕೊಯ್ದು ಉಳಿದರ್ಧವನ್ನು ಅಡುಗೆಮನೆಯ ಮೂಲೆಯಲ್ಲಿ ತೆರೆದಿಟ್ಟರೆ ಕೊಯ್ದ ಮುಖ ತಾನೇ ಒಣಗಿ ತೆಳ್ಳನೆಯ ಪೊರೆ ಕಟ್ಟಿಕೊಳ್ಳುತ್ತದೆ. ವಾರದ ನಂತರ ಆ ಪೊರೆಯನ್ನು ಬೆರಳಗಲ ಕೊಯ್ದು ತೆಗೆದರೆ ಒಳಗೆ ಹೊಸದರಂತೆಯೇ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಾತ್ರ ಬೂಸ್ಟು ಹಿಡಿಯುತ್ತದೆ. ಬೆಂದಾಗ ಕರಗಿ ಕಡಿಮೆಯಾಗುವುದೂ ಇಲ್ಲ, ಅರ್ಧ ಕಿಲೋ ಇಬ್ಬರಿಗೆ ಎರಡು ಹೊತ್ತಿಗೆ ಸಾಕು.

ತುರಿಕೆಗೆ ಕಾರಣ ಗಡ್ಡೆಯೊಳಗಿನ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಒದ್ದೆ ಕೈಗೆ ಅವು ಬೇಗ ಚುಚ್ಚುತ್ತವೆ. ಆದ್ದರಿಂದ ಗಡ್ಡೆಯ ಮಣ್ಣನ್ನು ಒಣಬಟ್ಟೆಯಲ್ಲೇ ಒರಸಿ, ಒಣಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಈಳಿಗೆಮಣೆಯಲ್ಲಿ ಸಿಪ್ಪೆಯನ್ನು ದಪ್ಪವಾಗಿಯೇ ತೆಗೆಯಬೇಕು. ಹೆಚ್ಚಿದ ಮೇಲೆ ತೊಳೆದು, ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಉಪ್ಪು ಅರಿಶಿನ ಹಾಕಿ ಬೇಯಿಸಿ ಆ ನೀರು ಚೆಲ್ಲಬೇಕು. ಗಜೇಂದ್ರ ಎಂಬ ತಳಿ ತುರಿಸುವುದಿಲ್ಲ. ಅಂಗಡಿಯವರಿಗೆ ತಳಿಯ ಹೆಸರು ಗೊತ್ತಿಲ್ಲದಿದ್ದರೂ ತುರಿಸುವ ಗಡ್ಡೆಯೋ ಅಲ್ಲವೋ ಎಂದು ಕೇಳಿದರೆ ಹೇಳುತ್ತಾರೆ. ಪಕ್ಕದ ಮನೆಯವರು ಹೀಗೆ ಮಾಡಿ, ಮೆಣಸಿನಪುಡಿ, ಇಂಗು, ಚಿರೋಟಿ ರವೆ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಬೇಯಿಸಿದ ಹೋಳುಗಳನ್ನು ನನಗೂ ತಂದುಕೊಟ್ಟರು. ಅಂಚು ಗರಿಗರಿ, ಒಳಗೆ ಬೆಣ್ಣೆ. ಹುಳಿಗೂ, ಮಜ್ಜಿಗೆ ಹುಳಿಗೂ ಇದು ಒಗ್ಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ತಿನ್ನಬಾರದು. ಬೆಳಿಗ್ಗೆ ಏಳಕ್ಕೆ ಮನೆ ಬಿಡುವವರು ಇದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಆತುರದಲ್ಲಿ ಅರೆಬೆಂದರೆ ಗಂಟಲು ಕೆರೆಯುತ್ತದೆ.

ಹಾಗಾದರೆ ನಿಮ್ಮ ಮನೆಗೆ?

ಆರು ಜನರಿದ್ದು ದಿನಕ್ಕೆ ಎರಡು ಹೊತ್ತು ಬಿಸಿ ಅಡುಗೆ ಆಗುವ ಮನೆಯಾದರೆ ಕಣ್ಣುಮುಚ್ಚಿ ಇಡೀ ಸಿಹಿಗುಂಬಳ ತನ್ನಿ, ಅದರಷ್ಟು ಉಳಿತಾಯ ಬೇರೆಯದರಲ್ಲಿಲ್ಲ. ಇಬ್ಬರೇ ಇದ್ದು ದಿನವೂ ಅಡುಗೆ ಮಾಡುವುದು ಖಚಿತವಿಲ್ಲದಿದ್ದರೆ ಒಂದು ಕಿಲೋ ಸುವರ್ಣಗಡ್ಡೆ, ಜೊತೆಗೆ ಅರ್ಧ ಕಿಲೋ ಗೆಣಸು. ಕೈ ಬಿಗಿಯಿರುವ ತಿಂಗಳಲ್ಲಿ ಸಿಹಿಗುಂಬಳದ ಹೋಳು ಮತ್ತು ಗೆಣಸು ಸಾಕು, ಬೂದುಗುಂಬಳದ ಹಲ್ವಾದ ಆಸೆಯನ್ನು ಮುಂದಕ್ಕೆ ಹಾಕಿ. ದೀಪಾವಳಿಗೆ ನೆಂಟರು ಬರುತ್ತಾರೆ, ಯಾವ ದಿನವೆಂದು ಗೊತ್ತಿಲ್ಲ ಎನ್ನುವವರಿಗೆ ಇಡೀ ಬೂದುಗುಂಬಳ ಒಂದು ಮನೆಯಲ್ಲಿದ್ದರೆ ನಿಶ್ಚಿಂತೆ.

ಅಮೆರಿಕದಲ್ಲಿರುವ ನಮ್ಮವರೂ ಇದೇ ಪ್ರಶ್ನೆ ಕೇಳುತ್ತಾರೆ, ಅಲ್ಲಿಗೂ ಇದು ಗುಂಬಳದ ಕಾಲವೇ. ಅಲ್ಲಿ ಸಿಗುವ ಬಟರ್‌ನಟ್ ನಮ್ಮ ಚೀನೀಕಾಯಿಯ ಜಾತಿಗೇ ಸೇರಿದ್ದು. ಹುಳಿಗೆ, ಸಾಸಿವೆಗೆ ಅದನ್ನೇ ಕೊಳ್ಳಿ. ಹ್ಯಾಲೋವೀನ್‌ಗೆ ಮುಖ ಕೆತ್ತುವ ದೊಡ್ಡ ಕಾಯಿ ಎಷ್ಟು ಅಗ್ಗಕ್ಕೆ ಸಿಕ್ಕರೂ ನಾರು, ನೀರು, ಸಪ್ಪೆ. ಬೂದುಗುಂಬಳ ಚೀನೀ ಅಂಗಡಿಗಳಲ್ಲಿ ವಿಂಟರ್ ಮೆಲನ್ ಹೆಸರಿನಲ್ಲಿ ಹೋಳಾಗಿ ಸಿಗುತ್ತದೆ. ಗೆಣಸಿನಲ್ಲಿ ಕಿತ್ತಳೆ ತಿರುಳಿನದ್ದು ಬೆಂದಾಗ ಮೆತ್ತಗೆ ನೀರಾಗುತ್ತದೆ. ನೇರಳೆ ಸಿಪ್ಪೆ, ಬಿಳಿ ತಿರುಳಿನ ಜಪಾನಿ ಗೆಣಸು ನಮ್ಮ ಊರಿನದ್ದಕ್ಕೆ ಹತ್ತಿರ, ಹೋಳಿಗೆಯ ಹೂರಣಕ್ಕೆ ಅದೇ ಸರಿ.

ಅಣ್ಣನ ಮಗಳು ಈ ವರ್ಷ ತಾನಾಗಿಯೇ ಊರಿಗೆ ಫೋನ್ ಮಾಡಿ, ಸಿಹಿಗುಂಬಳ ಎರಡು ಕಿಲೋಗಿಂತ ದೊಡ್ಡದಿದ್ದರೆ ಬೇಡ, ಅದರ ಬದಲು ಒಂದು ಬೂದುಗುಂಬಳ ಕಳಿಸಿ ಎಂದಳಂತೆ. ಅದೀಗ ಅವಳ ಅಡುಗೆಮನೆಯ ಕಪಾಟಿನ ಮೇಲೆ, ಮಡಿಸಿದ ಹಳೆಯ ಟವೆಲ್‌ನ ಮೇಲೆ, ಬೂದಿ ಅಳಿಯದಂತೆ ಕೂತಿದೆ. ಕಾರ್ತಿಕದಲ್ಲಿ ಅತ್ತೆ ಮಾವ ಬರುವ ದಿನ ಗೊತ್ತಾದ ಮೇಲೆ ಕೊಯ್ಯುತ್ತಾಳಂತೆ.